ಮನೆಯಲ್ಲೇ ಇನ್‌ಕ್ಯುಬೇಟರ್ ಇಟ್ಟು ಕೋಳಿ ಮರಿ ಮಾಡಿಸುವುದು ಹೇಗೆ?

ಇನ್‌ಕ್ಯುಬೇಟರ್ ಅಂದರೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ. ಮೊದಲ ಸಲ ನಾನು ಅದರಲ್ಲಿ ಇಟ್ಟಿದ್ದು 24 ಮೊಟ್ಟೆ. ಬಂದಿದ್ದು ಐದು ಮರಿ. ಅದರಲ್ಲೂ ಮೂರಕ್ಕೆ ಹೊಕ್ಕುಳು ಸರಿಯಾಗಿ ಮುಚ್ಚಿರಲಿಲ್ಲ. 21 ದಿನಕ್ಕೆ ಒಡೆಯಬೇಕಾದ ಮೊಟ್ಟೆ 19ನೇ ದಿನಕ್ಕೇ ಒಡೆಯಲು ಶುರುವಾದಾಗ, ಬೇಗ ಬಂತಲ್ಲ ಅಂತ ಖುಷಿಪಟ್ಟಿದ್ದೆ. ಹಾಗೆ ಬೇಗ ಬಂದಿದ್ದೇ ತಪ್ಪಿನ ಗುರುತು ಅನ್ನುವುದು ಆಗ ಗೊತ್ತಿರಲಿಲ್ಲ. ಪೆಟ್ಟಿಗೆಯ ಮೀಟರ್ 37.5 ಡಿಗ್ರಿ ತೋರಿಸುತ್ತಿತ್ತು. ಒಳಗಿದ್ದ ನಿಜವಾದ ಶಾಖ 39.

ಅದೇ ತಿಂಗಳು ಕೊಟ್ಟಿಗೆ ಮೂಲೆಯ ಮಂಕರಿಯಲ್ಲಿ ಕಾವು ಕೂತಿದ್ದ ಹೇಂಟೆ 11 ಮೊಟ್ಟೆಗೆ 9 ಮರಿ ಮಾಡಿತು. "ನಿನ್ನ ಪೆಟ್ಟಿಗೆಗಿಂತ ನನ್ನ ಯಾಟೆನೇ ವಾಸಿ ಕಣೋ" ಅಂದರು ಅಜ್ಜಿ. ಅವರು ಮಂಕರಿಗೆ ಬೂದಿ, ಹುಲ್ಲು ಹಾಕಿ, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಒಂದು ಕಬ್ಬಿಣದ ಚೂರು, ಇದ್ದಿಲು, ಒಣಮೆಣಸಿನಕಾಯಿ ಇಡುತ್ತಿದ್ದರು. ಮೆಣಸಿನಕಾಯಿ ಬಗ್ಗೆ ನನಗೆ ಗೊತ್ತಿಲ್ಲ. ಆದರೆ ಆ ಹೇಂಟೆ ಏನು ಮಾಡುತ್ತದೆ ಅಂತ ಕೂತು ನೋಡಿದ ಮೇಲೆಯೇ ನನ್ನ ಪೆಟ್ಟಿಗೆ ದಾರಿಗೆ ಬಂದಿದ್ದು. ಅದು ಬಿಸಿ ಕೊಡುತ್ತದೆ, ಕೊಕ್ಕಿನಿಂದ ಮೊಟ್ಟೆ ತಿರುಗಿಸುತ್ತದೆ, ದಿನಕ್ಕೊಮ್ಮೆ ಎದ್ದು ಹೋಗಿ ಕಾಲು ಗಂಟೆ ತಿಂದು ಕುಡಿದು ಬರುತ್ತದೆ. ಕೊನೆಯ ಎರಡು ಮೂರು ದಿನ ಮಾತ್ರ ಅಲ್ಲಾಡದೆ ಕೂರುತ್ತದೆ. ಮಷೀನಿಗೆ ಬಿಸಿ ಕೊಡುವುದು ಗೊತ್ತು, ಅಷ್ಟೇ. ಉಳಿದ ಬುದ್ಧಿ ನಾವೇ ಕೊಡಬೇಕು.

ಮೊಟ್ಟೆ ಆರಿಸುವುದು

ಅಂಗಡಿಯ ಬಿಳಿ ಮೊಟ್ಟೆ ಮರಿಯಾಗುವುದಿಲ್ಲ. ಮೊಟ್ಟೆ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ. ಹುಂಜ ಇರುವ ಹಿಂಡಿನ ಮೊಟ್ಟೆಯೇ ಬೇಕು. ಎಂಟು ಹತ್ತು ಹೇಂಟೆಗೆ ಒಂದು ಒಳ್ಳೆಯ ಹುಂಜ ಸಾಕು. ಹುಂಜ ಬದಲಾಯಿಸಿದ್ದರೆ ಮೂರು ವಾರ ತಡೆಯಿರಿ, ಹಳೆಯ ಹುಂಜದ ಬೀಜ ಹೇಂಟೆಯ ಒಳಗೆ ಎರಡು ವಾರಕ್ಕೂ ಜಾಸ್ತಿ ಉಳಿಯಬಹುದು.

ಪಕ್ಕದ ಊರಿನಿಂದ ಮೊಟ್ಟೆ ತರಿಸುತ್ತಿದ್ದರೆ ಅದರಲ್ಲಿ ಎರಡನ್ನು ಒಡೆದು ನೋಡಿ. ಹಳದಿಯ ಮೇಲೆ ಒಂದು ಬಿಳಿ ಚುಕ್ಕೆ ಎಲ್ಲ ಮೊಟ್ಟೆಗೂ ಇರುತ್ತದೆ. ಆ ಚುಕ್ಕೆಯ ಸುತ್ತ ತೆಳುವಾದ ಉಂಗುರ ಕಾಣಿಸಿದರೆ ಹುಂಜ ಕೂಡಿದ ಮೊಟ್ಟೆ. ಬರೀ ಒರಟೊರಟಾದ ಸಣ್ಣ ಚುಕ್ಕೆಯಾದರೆ ಬಂಜೆ ಮೊಟ್ಟೆ. ನೋಡಿದ್ದನ್ನು ಆಮ್ಲೆಟ್ ಮಾಡಿಕೊಳ್ಳಿ.

ತೀರಾ ದೊಡ್ಡದು, ತೀರಾ ಚಿಕ್ಕದು, ಸೊಟ್ಟಗಿರುವುದು, ಬಿರುಕು ಬಿಟ್ಟಿದ್ದು ಬೇಡ. ನಾಟಿ ಕೋಳಿಯ ಮೊಟ್ಟೆ 40 ಗ್ರಾಂ ಆಸುಪಾಸು ಇರುತ್ತದೆ, ಅದನ್ನು ಚಿಕ್ಕದು ಅಂತ ಬಿಡಬೇಡಿ, ಅದರ ಅಳತೆಯೇ ಅದು. ಕೊಳೆಯಾಗಿದೆ ಅಂತ ನೀರಲ್ಲಿ ತೊಳೆಯಲೂ ಬಾರದು. ಚಿಪ್ಪಿನ ಮೇಲೆ ಒಂದು ತೆಳು ಪದರ ಇರುತ್ತದೆ, ರೋಗಾಣು ಒಳಗೆ ನುಗ್ಗದಂತೆ ತಡೆಯುವುದು ಅದೇ. ಒಣ ಬಟ್ಟೆಯಲ್ಲಿ ಒರೆಸಿ ಹೋದರೆ ಸರಿ, ಹೋಗದಿದ್ದರೆ ಆ ಮೊಟ್ಟೆ ಅಡುಗೆಮನೆಗೆ.

ತಳಿಯ ಬಗ್ಗೆ ಒಂದೇ ಮಾತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ ಥರದ ಕೋಳಿಗಳು ಬೇರೆ ಬೇರೆ ತಳಿಗಳನ್ನು ಕೂಡಿಸಿ ಮಾಡಿದವು. ಅವುಗಳ ಮೊಟ್ಟೆ ಇಟ್ಟರೆ ಮರಿ ಬರುತ್ತದೆ, ಆದರೆ ತಾಯಿಯಷ್ಟೇ ಚೆನ್ನಾಗಿ ಬೆಳೆಯುತ್ತದೆ, ಅಷ್ಟೇ ಮೊಟ್ಟೆ ಇಡುತ್ತದೆ ಅನ್ನುವ ಹಾಗಿಲ್ಲ. ಮನೆಯಲ್ಲೇ ತಲೆಮಾರು ಮುಂದುವರಿಸಬೇಕು ಅಂದರೆ ನಾಟಿ, ಅಸೀಲ್, ಕಡಕ್‌ನಾಥ್ ಒಳ್ಳೆಯದು.

ಮೊಟ್ಟೆ ಕೂಡಿಡುವುದು

ದಿನಕ್ಕೆ ಎರಡು ಮೂರು ಮೊಟ್ಟೆ ಸಿಗುವ ಮನೆಯಲ್ಲಿ ಒಂದೇ ಸಲ 20 ಇಡಬೇಕು ಅಂದರೆ ಒಂದು ವಾರ ಕೂಡಿಡಲೇಬೇಕು. ಏಳು ದಿನ ಪರವಾಗಿಲ್ಲ. ಹತ್ತು ದಿನ ದಾಟಿದ ಮೊಟ್ಟೆಯ ಮೇಲೆ ಆಸೆ ಇಟ್ಟುಕೊಳ್ಳಬೇಡಿ.

13ರಿಂದ 18 ಡಿಗ್ರಿ ಇರುವ ಜಾಗ ಮೊಟ್ಟೆಗೆ ಹೇಳಿ ಮಾಡಿಸಿದ್ದು. ನಮ್ಮ ಮನೆಗಳಲ್ಲಿ ಅದೆಲ್ಲಿ ಬರಬೇಕು ಹೇಳಿ? ಫ್ರಿಜ್ ಜಾಸ್ತಿ ತಣ್ಣಗಾಯಿತು, ಬೇಸಿಗೆಯ ಅಡುಗೆಮನೆ ಜಾಸ್ತಿ ಬಿಸಿ. ಮೊಟ್ಟೆಯೊಳಗಿನ ಪಿಂಡ ಸುಮಾರು 20 ಡಿಗ್ರಿ ದಾಟಿದರೆ ನಿಧಾನವಾಗಿ ಎಚ್ಚರವಾಗುತ್ತದೆ. 32 ಡಿಗ್ರಿಯಲ್ಲಿ ನಾಲ್ಕು ದಿನ ಬಿದ್ದಿದ್ದರೆ ಅರ್ಧಂಬರ್ಧ ಬೆಳೆದು ಸತ್ತೇ ಹೋಗುತ್ತದೆ. ನಾವು ಮಾಡುವುದು ಇಷ್ಟು: ಅಗಲ ಬಾಯಿಯ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಇನ್ನೊಂದು ಚಿಕ್ಕ ಮಡಕೆ ಕೂರಿಸಿ, ಮೊಟ್ಟೆಯ ಟ್ರೇಯನ್ನು ಕತ್ತರಿಸಿ ಅದರಲ್ಲಿಟ್ಟು, ನೆರಳು ಗಾಳಿ ಎರಡೂ ಇರುವ ಕಡೆ ಇಡುತ್ತೇವೆ. ಕೋಣೆಗಿಂತ ಐದಾರು ಡಿಗ್ರಿ ತಣ್ಣಗಿರುತ್ತದೆ. ಚೂಪು ತುದಿ ಕೆಳಗೆ, ದಪ್ಪ ತುದಿ ಮೇಲೆ. ದಪ್ಪ ತುದಿಯಲ್ಲಿ ಗಾಳಿಯ ಜಾಗ ಇರುತ್ತದೆ, ಮರಿ ಮೊದಲ ಉಸಿರು ತೆಗೆದುಕೊಳ್ಳುವುದು ಅಲ್ಲೇ.

ಬಸ್ಸಿನಲ್ಲಿ, ಬೈಕಿನಲ್ಲಿ ತಂದ ಮೊಟ್ಟೆಯನ್ನು ಬಂದ ಕೂಡಲೇ ಮಷೀನಿಗೆ ಹಾಕಬೇಡಿ. ಒಂದು ರಾತ್ರಿ ಹಾಗೇ ನಿಲ್ಲಿಸಿಡಿ.

ಪೆಟ್ಟಿಗೆ: ಕೊಳ್ಳುವುದೋ, ಮಾಡಿಕೊಳ್ಳುವುದೋ

ತಾನೇ ಮೊಟ್ಟೆ ತಿರುಗಿಸುವ ಚಿಕ್ಕ ಮಷೀನುಗಳು ಈಗ ಆನ್‌ಲೈನಿನಲ್ಲಿ ಸಿಗುತ್ತವೆ. ಕೊಳ್ಳುವುದಾದರೆ ಮೂರು ನೋಡಿ: ಒಳಗೆ ಫ್ಯಾನ್ ಇದೆಯಾ, ಮುಚ್ಚಳ ತೆಗೆಯದೆ ನೀರು ಹಾಕಬಹುದಾ, 12 ವೋಲ್ಟ್ ಬ್ಯಾಟರಿಗೂ ಜೋಡಿಸಬಹುದಾ. ಮೂರನೆಯದಕ್ಕೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೂ ನಷ್ಟವಿಲ್ಲ.

ಮಾಡಿಕೊಳ್ಳುವುದೂ ಕಷ್ಟವಲ್ಲ. ಔಷಧಿ ಅಂಗಡಿಯಲ್ಲಿ, ಮೀನು ಮಾರುವವರ ಹತ್ತಿರ ದಪ್ಪ ಥರ್ಮೋಕೋಲ್ ಡಬ್ಬ ಸಿಗುತ್ತದೆ. ಅದಕ್ಕೆ ಎರಡು ಫಿಲಮೆಂಟ್ ಬಲ್ಬ್, ಶಾಖ ನೋಡಿಕೊಂಡು ಬಲ್ಬನ್ನು ತಾನೇ ಹಚ್ಚಿ ಆರಿಸುವ ಒಂದು ಡಿಜಿಟಲ್ ಥರ್ಮೋಸ್ಟಾಟ್, ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್, ಅದಕ್ಕೊಂದು ಅಡಾಪ್ಟರ್, ಮೊಟ್ಟೆ ಇಡಲು ತಂತಿ ಜಾಲರಿ, ಜಾಲರಿಯ ಕೆಳಗೆ ನೀರಿನ ತಟ್ಟೆ. ಎಲ್‌ಇಡಿ ಬಲ್ಬ್ ಬೇಡ, ಅದು ಬೇಕಾದಷ್ಟು ಬಿಸಿಯಾಗುವುದಿಲ್ಲ. ಬಲ್ಬ್ ಒಂದರ ಬದಲು ಎರಡು ಯಾಕೆ ಅಂದರೆ ರಾತ್ರಿ ಎರಡು ಗಂಟೆಗೆ ಒಂದು ಸುಟ್ಟುಹೋದರೆ ಇನ್ನೊಂದು ಬೆಳಗಿನವರೆಗೆ ಕಾಪಾಡುತ್ತದೆ. 25 ಅಥವಾ 40 ವ್ಯಾಟಿನವು ಸಾಕು. ಗೋಡೆಯಲ್ಲಿ, ಮುಚ್ಚಳದಲ್ಲಿ ಕಿರುಬೆರಳು ಹೋಗುವಷ್ಟು ಆರು ತೂತು ಮಾಡಿ. ಮೊಟ್ಟೆಯೂ ಉಸಿರಾಡುತ್ತದೆ.

ಥರ್ಮೋಕೋಲ್ ಬಲ್ಬಿಗೆ ತಾಗಿದರೆ ಕರಗುತ್ತದೆ, ಹೊತ್ತಿಕೊಳ್ಳಲೂಬಹುದು. ಬಲ್ಬಿಗೂ ಗೋಡೆಗೂ ಒಂದು ಗೇಣು ಬಿಡಿ, ಪಿಂಗಾಣಿ ಹೋಲ್ಡರ್ ಹಾಕಿ, ಬಲ್ಬಿನ ಸುತ್ತ ಜಾಲರಿ ಕಟ್ಟಿ. ನೀರಿನ ತಟ್ಟೆಯ ಹತ್ತಿರ ವೈರಿನ ಜಾಯಿಂಟ್ ಬರಬಾರದು. ವೈರಿಂಗ್ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

ಥರ್ಮೋಸ್ಟಾಟಿನ ಸೆನ್ಸರ್ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಇರಲಿ, ಬಲ್ಬಿನ ನೇರಕ್ಕೆ ಬೇಡ. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ ಸೆಲ್ಸಿಯಸ್, ಅಂದರೆ 99.5 ಫ್ಯಾರನ್‌ಹೀಟ್. ಫ್ಯಾನ್ ಇಲ್ಲದಿದ್ದರೆ ಬಿಸಿ ಗಾಳಿ ಮೇಲೆ ನಿಲ್ಲುತ್ತದೆ, ಆಗ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ 38.5 ಡಿಗ್ರಿ ಇಟ್ಟುಕೊಳ್ಳಬೇಕು.

ಪೆಟ್ಟಿಗೆಯನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಬೇಡಿ. ಇರುವೆ ಹತ್ತದ ಹಾಗೆ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಇದೇನು ಸಣ್ಣ ವಿಷಯ ಅನ್ನಬೇಡಿ. ಚಿಪ್ಪಿನಲ್ಲಿ ಮೊದಲ ತೂತು ಬಿದ್ದ ಮೊಟ್ಟೆಗೆ ಕೆಂಪಿರುವೆ ಮುತ್ತಿದ್ದನ್ನು ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ.

ಮೀಟರ್ ಸುಳ್ಳು ಹೇಳುತ್ತದೆ

ನನ್ನ ಮೊದಲ 19 ಮೊಟ್ಟೆ ಕೊಂದಿದ್ದು ಇದೇ. ಅಗ್ಗದ ಮೀಟರುಗಳು ಒಂದೂವರೆ ಡಿಗ್ರಿ ಆಚೀಚೆ ತೋರಿಸುವುದು ಮಾಮೂಲು. ನಮ್ಮ ಕೆಲಸದಲ್ಲಿ ಒಂದೂವರೆ ಡಿಗ್ರಿ ಅಂದರೆ ಎಲ್ಲವೂ ಹೋದ ಹಾಗೆ.

ಶಾಖ ಪರೀಕ್ಷಿಸಲು ಜ್ವರ ನೋಡುವ ಥರ್ಮಾಮೀಟರ್ ಸಾಕು. ಅದು ಸರಿಯಾಗಿ ಇರಬೇಕಾದ್ದೇ 35ರಿಂದ 42 ಡಿಗ್ರಿಯ ನಡುವೆ, ನಮಗೆ ಬೇಕಾದ್ದೂ ಅಲ್ಲೇ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಥರ್ಮಾಮೀಟರಿನ ತುದಿ, ಥರ್ಮೋಸ್ಟಾಟಿನ ಸೆನ್ಸರ್ ಎರಡನ್ನೂ ಒಟ್ಟಿಗೆ ಇಳಿಬಿಡಿ. ಸೆನ್ಸರ್ ನೀರು ತಾಗಬಾರದ ಮಾದರಿಯಾದರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ. ಎರಡು ನಿಮಿಷ ಬಿಟ್ಟು ಎರಡನ್ನೂ ಓದಿ. ಥರ್ಮಾಮೀಟರ್ 38, ಮೀಟರ್ 36.8 ತೋರಿಸಿತು ಅಂದುಕೊಳ್ಳಿ. ನಿಮ್ಮ ಮೀಟರ್ 1.2 ಡಿಗ್ರಿ ಕಡಿಮೆ ಹೇಳುತ್ತಿದೆ. ಅದಕ್ಕೆ 37.5ರ ಬದಲು 36.3 ಸೆಟ್ ಮಾಡಬೇಕು. ಆ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೇ ಬರೆದಿಡಿ.

ಪೆಟ್ಟಿಗೆಯೊಳಗಿನ ಗಾಳಿಯ ತೇವವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ತೇವಾಂಶದ ಮೀಟರಿಗೆ ಉಪ್ಪಿನ ಪರೀಕ್ಷೆ. ಬಾಟಲಿ ಮುಚ್ಚಳದ ತುಂಬ ಉಪ್ಪು ಹಾಕಿ, ಹನಿ ಹನಿ ನೀರು ಬಿಟ್ಟು ಒದ್ದೆ ಮರಳಿನ ಹಾಗೆ ಮಾಡಿ. ಉಪ್ಪು ಕರಗಿ ನೀರಾಗಬಾರದು. ಆ ಮುಚ್ಚಳವನ್ನೂ ಮೀಟರನ್ನೂ ಗಾಳಿಯಾಡದ ಡಬ್ಬದಲ್ಲಿ ಒಟ್ಟಿಗೆ ಇಟ್ಟು ಒಂದು ರಾತ್ರಿ ಬಿಡಿ. ಬೆಳಗ್ಗೆ 75 ತೋರಿಸಬೇಕು. 68 ತೋರಿಸಿದರೆ ಇನ್ನು ಮುಂದೆ ಅದು ಹೇಳಿದ್ದಕ್ಕೆ ಏಳು ಸೇರಿಸಿಕೊಳ್ಳಿ.

ಇಷ್ಟಾದ ಮೇಲೆ ಖಾಲಿ ಪೆಟ್ಟಿಗೆಯನ್ನು ಪೂರ್ತಿ ಒಂದು ದಿನ ಓಡಿಸಿ. ಬೆಳಗಿನ ಜಾವದ ಚಳಿಯಲ್ಲಿ, ಮಧ್ಯಾಹ್ನದ ಬಿಸಿಯಲ್ಲಿ ಎಷ್ಟೆಷ್ಟು ತೋರಿಸುತ್ತದೆ ನೋಡಿ. ಎರಡೂ ಹೊತ್ತು ನೆಟ್ಟಗಿದ್ದರೆ ಮಾತ್ರ ಮೊಟ್ಟೆ.

ಮೊದಲ 18 ದಿನ

ಸಂಜೆ ಹೊತ್ತು ಮೊಟ್ಟೆ ಇಡಿ. ಶುಕ್ರವಾರ ಸಂಜೆ ಇಟ್ಟರೆ ಮೂರು ವಾರ ಬಿಟ್ಟು ಶುಕ್ರವಾರ ಸಂಜೆಗೆ 21 ದಿನ. ಲೆಕ್ಕ ತಪ್ಪುವುದು ಇಲ್ಲೇ: ಇಟ್ಟ ದಿನ ಒಂದನೇ ದಿನವಲ್ಲ, ಸೊನ್ನೆ. 24 ಗಂಟೆ ಕಳೆದ ಮೇಲೆ ಒಂದು.

ಪ್ರತಿ ಮೊಟ್ಟೆಯ ಒಂದು ಬದಿಗೆ ಪೆನ್ಸಿಲಿನಲ್ಲಿ ಗುಣಾಕಾರ ಚಿಹ್ನೆ, ಇನ್ನೊಂದು ಬದಿಗೆ ಸೊನ್ನೆ ಹಾಕಿ. ಪೆನ್ನು, ಮಾರ್ಕರ್ ಬೇಡ. ಕೈಯಲ್ಲಿ ತಿರುಗಿಸುವವರು ಮೊಟ್ಟೆಯನ್ನು ಮಲಗಿಸಿಟ್ಟು ದಿನಕ್ಕೆ ಮೂರು ಸಲ, ಸಾಧ್ಯವಾದರೆ ಐದು ಸಲ, ಅರ್ಧ ಸುತ್ತು ತಿರುಗಿಸಬೇಕು. ಬೆಸ ಸಂಖ್ಯೆಯೇ ಯಾಕೆ? ರಾತ್ರಿ ನಾವು ಮಲಗಿದಾಗ ಮೊಟ್ಟೆಯೂ ಜಾಸ್ತಿ ಹೊತ್ತು ಒಂದೇ ಬದಿಗೆ ಇರುತ್ತದೆ. ಬೆಸ ಸಲ ತಿರುಗಿಸಿದರೆ ಇವತ್ತು ರಾತ್ರಿ ಸೊನ್ನೆ ಮೇಲೆ, ನಾಳೆ ರಾತ್ರಿ ಗುಣಾಕಾರ ಮೇಲೆ ಬರುತ್ತದೆ. ತಿರುಗಿಸದಿದ್ದರೆ ಪಿಂಡ ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. ಮೊದಲ ವಾರ ಇದನ್ನು ಒಂದು ಹೊತ್ತೂ ತಪ್ಪಿಸಬೇಡಿ. ಕೈ ತೊಳೆದುಕೊಂಡೇ ಮುಟ್ಟಿ, ಎಣ್ಣೆ ಕೈಯಾದರೆ ಚಿಪ್ಪಿನ ಸೂಕ್ಷ್ಮ ರಂಧ್ರ ಮುಚ್ಚಿಹೋಗುತ್ತದೆ.

ಇನ್ನು ತೇವಾಂಶ. ಮೊದಲ 18 ದಿನ 45ರಿಂದ 55. ಎಲ್ಲ ಕಡೆ ಇದನ್ನೇ ಹೇಳುತ್ತಾರೆ. ಆದರೆ ಎಷ್ಟು ನೀರು ಹಾಕಬೇಕು ಅಂತ ಯಾರೂ ಹೇಳಲಾರರು, ಯಾಕೆಂದರೆ ಅದು ನಿಮ್ಮೂರಿನ ಗಾಳಿಯ ಮೇಲಿದೆ. ಗಾಳಿ ಬಿಸಿಯಾದಷ್ಟೂ ಅದರ ತೇವಾಂಶದ ಸಂಖ್ಯೆ ಇಳಿಯುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲಿ ಕೋಣೆಯ ಗಾಳಿ 27 ಡಿಗ್ರಿ, ತೇವಾಂಶ 85 ಅಂದುಕೊಳ್ಳಿ. ಅದೇ ಗಾಳಿ ಪೆಟ್ಟಿಗೆಯಲ್ಲಿ 37.5ಕ್ಕೆ ಕಾದಾಗ 47ರ ಹತ್ತಿರ ಬರುತ್ತದೆ. ಒಂದು ಹನಿ ನೀರೂ ಬೇಡ! ಬೆಂಗಳೂರು, ತುಮಕೂರಿನ ಕಡೆ 26 ಡಿಗ್ರಿ, ತೇವಾಂಶ 50 ಇರುವ ದಿನ ಅದೇ ಲೆಕ್ಕ 26ಕ್ಕೆ ಇಳಿಯುತ್ತದೆ. ಅಲ್ಲಿ ತಟ್ಟೆ ತುಂಬ ನೀರು ಬೇಕು. ಹಾಗಾಗಿ ಕರಾವಳಿಯವರ ವಿಡಿಯೋ ನೋಡಿ ಬಯಲುಸೀಮೆಯವರು ಮಾಡಿದರೆ ಮೊಟ್ಟೆ ಒಣಗುತ್ತದೆ, ಇವರನ್ನು ನೋಡಿ ಅವರು ಮಾಡಿದರೆ ಮರಿ ನೀರಲ್ಲಿ ಉಸಿರುಗಟ್ಟುತ್ತದೆ. ತೇವಾಂಶ ಏರಿಸುವುದು ನೀರಿನ ಆಳವಲ್ಲ, ಅಗಲ. ಚಿಕ್ಕ ಲೋಟ ತುಂಬಿದರೂ ಸಾಲದ ಕಡೆ ಅಗಲವಾದ ತಟ್ಟೆಯಲ್ಲಿ ಬೆರಳ ದಪ್ಪ ನೀರು ಸಾಕಾಗುತ್ತದೆ.

ಕಲಬುರಗಿ, ರಾಯಚೂರಿನವರಿಗೆ ಬೇರೆ ತೊಂದರೆ. ಏಪ್ರಿಲ್, ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಇದ್ದರೆ ಮಷೀನ್ ಏನು ಮಾಡೀತು? ಅದಕ್ಕೆ ಬಿಸಿ ಮಾಡುವುದು ಬರುತ್ತದೆ, ತಣ್ಣಗೆ ಮಾಡುವುದು ಬರುವುದಿಲ್ಲ. ತಂಪಾದ ಕೋಣೆ ಇಲ್ಲದಿದ್ದರೆ ಮೃಗಶಿರಾ ಮಳೆ ಬೀಳುವವರೆಗೆ ಕಾಯಿರಿ.

ತೇವಾಂಶದ ಮೀಟರಿಗಿಂತ ನಾನು ನಂಬುವುದು ತಕ್ಕಡಿಯನ್ನು. 18 ದಿನದಲ್ಲಿ ಮೊಟ್ಟೆ ತನ್ನ ತೂಕದಲ್ಲಿ ನೂರಕ್ಕೆ 11ರಿಂದ 13 ಪಾಲು ಕಳೆದುಕೊಳ್ಳಬೇಕು. ಒಳಗಿನ ನೀರು ಆರಿ ಗಾಳಿಯ ಜಾಗ ದೊಡ್ಡದಾಗುವುದೇ ಹೀಗೆ. 20 ಮೊಟ್ಟೆಯ ಟ್ರೇ, ಟ್ರೇಯ ತೂಕ ಬಿಟ್ಟು, ಇಟ್ಟ ದಿನ 1000 ಗ್ರಾಂ ಇತ್ತು ಅಂದರೆ ಒಂಬತ್ತನೇ ದಿನ 940, ಹದಿನೆಂಟನೇ ದಿನ 880 ಇರಬೇಕು. ಒಂಬತ್ತನೇ ದಿನ 960 ಇದ್ದರೆ ನೀರಿನ ತಟ್ಟೆ ತೆಗೆಯಿರಿ. 920 ಆಗಿಬಿಟ್ಟಿದ್ದರೆ ಇನ್ನೊಂದು ತಟ್ಟೆ ಇಡಿ.

ಕರೆಂಟ್ ಹೋದಾಗ

ಹೋಗೇ ಹೋಗುತ್ತದೆ. ಅರ್ಧ ಗಂಟೆ ಹೋದರೆ ಏನೂ ಮಾಡಬೇಡಿ. ಹೇಂಟೆಯೂ ಎದ್ದು ಹೋಗುತ್ತದಲ್ಲ. ಮುಚ್ಚಳ ತೆಗೆದು ಇಣುಕುವುದೇ ದೊಡ್ಡ ನಷ್ಟ.

ಒಂದೆರಡು ಗಂಟೆ ಮೀರಿದರೆ ಪೆಟ್ಟಿಗೆಗೆ ಕಂಬಳಿ ಹೊದಿಸಿ, ಗಾಳಿಯ ತೂತು ಬಿಟ್ಟು. ಇನ್ನೂ ಜಾಸ್ತಿಯಾದರೆ ಬಾಟಲಿಯಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಮೊಟ್ಟೆಗೆ ತಾಗದ ಹಾಗೆ ಒಳಗಿಡಿ. ಇನ್ವರ್ಟರ್ ಇದ್ದರೆ ಚಿಂತೆಯೇ ಇಲ್ಲ. 40, 60 ವ್ಯಾಟಿನ ಪೆಟ್ಟಿಗೆಯನ್ನು ಮನೆಯ ದೊಡ್ಡ ಬ್ಯಾಟರಿ ರಾತ್ರಿಯಿಡೀ ಎಳೆಯುತ್ತದೆ.

ಹೋದ ವರ್ಷ ಮಳೆಗಾಲದಲ್ಲಿ ಮರ ಬಿದ್ದು ಐದು ಗಂಟೆ ಕರೆಂಟ್ ಇರಲಿಲ್ಲ, ನಾನೂ ಮನೆಯಲ್ಲಿರಲಿಲ್ಲ. ಬಂದು ನೋಡಿದರೆ ಪೆಟ್ಟಿಗೆ 27 ಡಿಗ್ರಿ. ಹನ್ನೆರಡನೇ ದಿನ ಅದು. ತಿಪ್ಪೆಗೆ ಎಸೆಯಲು ಹೊರಟವನು ಯಾಕೋ ಬಿಟ್ಟೆ. ಒಂದು ದಿನ ತಡವಾಗಿ 22 ಮೊಟ್ಟೆಯಲ್ಲಿ 14 ಮರಿ ಬಂದವು. ಪಿಂಡ ಚಳಿಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಬಿಸಿಯನ್ನು ತಡೆಯುವುದಿಲ್ಲ. 40 ಡಿಗ್ರಿ ದಾಟಿ ಕೆಲವು ಗಂಟೆ ಇದ್ದರೆ ಕಥೆ ಮುಗಿಯಿತು. ಹಾಗಾಗಿ ಸೆಟ್ಟಿಂಗಿನಲ್ಲಿ ಅನುಮಾನ ಬಂದರೆ ಕಡಿಮೆಯ ಕಡೆಗೇ ವಾಲಿ.

ಟಾರ್ಚ್ ಹಿಡಿದು ನೋಡುವುದು

ಏಳನೇ ದಿನ ರಾತ್ರಿ, ಕತ್ತಲೆ ಕೋಣೆಯಲ್ಲಿ. ರಟ್ಟಿನಲ್ಲಿ ಒಂದು ರೂಪಾಯಿ ಅಗಲದ ತೂತು ಮಾಡಿ ಮೊಬೈಲ್ ಟಾರ್ಚಿನ ಮೇಲಿಟ್ಟು, ಅದರ ಮೇಲೆ ಮೊಟ್ಟೆಯ ದಪ್ಪ ತುದಿ ಇಡಿ.

ಜೀವ ಇರುವ ಮೊಟ್ಟೆಯಲ್ಲಿ ನಡುವೆ ಒಂದು ಕಪ್ಪು ಚುಕ್ಕೆ, ಅದರಿಂದ ಎಲ್ಲ ಕಡೆ ಹರಡಿದ ಕೆಂಪು ನರ, ಥೇಟ್ ಜೇಡದ ಹಾಗೆ. ಸುಮ್ನೆ ಹಿಡಿದುಕೊಂಡಿರಿ, ಆ ಚುಕ್ಕೆ ಮೆಲ್ಲಗೆ ಅಲ್ಲಾಡುವುದು ಕಾಣುತ್ತದೆ. ಮನೆಯ ಮಕ್ಕಳನ್ನು ಕರೆದು ತೋರಿಸಬೇಕಾದ ಹೊತ್ತು ಇದು. ಬಂಜೆ ಮೊಟ್ಟೆ ಪೂರ್ತಿ ಹಳದಿಯಾಗಿ ಹೊಳೆಯುತ್ತದೆ. ನರಗಳಿಲ್ಲದೆ ಬರೀ ಕೆಂಪು ಉಂಗುರ ಕಂಡರೆ ಮೊದಲ ಕೆಲವು ದಿನದಲ್ಲೇ ಸತ್ತ ಪಿಂಡ. ಎರಡನ್ನೂ ತೆಗೆದುಬಿಡಿ. ಕೊಳೆತ ಮೊಟ್ಟೆ ಒಳಗೇ ಸಿಡಿದರೆ ನಾತ ಒಂದು ಕಡೆ, ಉಳಿದ ಮೊಟ್ಟೆಗೆಲ್ಲ ರೋಗಾಣು ಇನ್ನೊಂದು ಕಡೆ.

ಕಂದು ಚಿಪ್ಪಿನ ಮೊಟ್ಟೆಯಲ್ಲಿ ಏಳನೇ ದಿನ ಸರಿಯಾಗಿ ಕಾಣದಿರಬಹುದು. ಅನುಮಾನ ಇದ್ದರೆ ವಾಪಸ್ ಇಟ್ಟು ಹತ್ತನೇ ದಿನ ನೋಡಿ. ಹದಿನೆಂಟನೇ ದಿನಕ್ಕೆ ಮೊಟ್ಟೆ ಪೂರ್ತಿ ಕಪ್ಪು, ದಪ್ಪ ತುದಿಯಲ್ಲಿ ಮಾತ್ರ ಮೂರನೇ ಒಂದು ಪಾಲಿನ ಹತ್ತಿರ ಖಾಲಿ ಜಾಗ. ದಿನಾ ಟಾರ್ಚ್ ಹಿಡಿಯುವ ಚಪಲ ಬೇಡ, ಎರಡು ಸಲ ಸಾಕು.

ಕೊನೆಯ ಮೂರು ದಿನ

ಶುಕ್ರವಾರ ಇಟ್ಟ ಮೊಟ್ಟೆಗೆ ಮೂರನೇ ವಾರದ ಮಂಗಳವಾರ ಸಂಜೆ 18 ತುಂಬುತ್ತದೆ. ತಿರುಗಿಸುವುದು ನಿಲ್ಲಿಸಿ. ಜಾಲರಿಯ ಮೇಲೆ ತೆಳುವಾದ ಹತ್ತಿ ಬಟ್ಟೆ ಹಾಸಿ, ಹುಟ್ಟಿದ ಮರಿಯ ಕಾಲು ಜಾರದಿರಲಿ ಅಂತ. ತೇವಾಂಶ 65ರಿಂದ 70ಕ್ಕೆ ಏರಿಸಿ. ಶಾಖ ಅಷ್ಟೇ ಇರಲಿ. ಗಾಳಿಯ ತೂತು ಎಲ್ಲ ತೆರೆದಿರಲಿ. ಮುಚ್ಚಳ ಮುಚ್ಚಿ.

ಇನ್ನು ತೆಗೆಯಬೇಡಿ. ಇಡೀ ಕೆಲಸದಲ್ಲಿ ಕಷ್ಟವಾದದ್ದು ಇದೇ. ಒಂದು ಮರಿ ಅರ್ಧ ಒಡೆದಿರುವಾಗ ಮುಚ್ಚಳ ಎತ್ತಿದರೆ ಒಳಗಿನ ಹಬೆ ಹಾರಿಹೋಗಿ ಉಳಿದ ಮೊಟ್ಟೆಗಳ ಪೊರೆ ಒಣಗಿ, ಮರಿಯ ಮೈಗೆ ಬಿಗಿದುಕೊಳ್ಳುತ್ತದೆ. ಆಮೇಲೆ ಅದಕ್ಕೆ ತಿರುಗಲೂ ಆಗುವುದಿಲ್ಲ. ನೀರು ಮುಗಿದರೆ ತೂತಿನಿಂದ ಪೈಪ್ ಬಿಟ್ಟು ಸಿರಿಂಜಿನಲ್ಲಿ ಬಿಸಿನೀರು ಹಾಕಿ.

20ನೇ ದಿನದ ಹೊತ್ತಿಗೆ ಮರಿ ಗಾಳಿಯ ಜಾಗದ ಪೊರೆ ತೂತು ಮಾಡಿ ಉಸಿರಾಡಲು ಶುರುಮಾಡುತ್ತದೆ. ಪೆಟ್ಟಿಗೆಗೆ ಕಿವಿ ಕೊಟ್ಟರೆ ಚಿಪ್ಪಿನೊಳಗಿಂದಲೇ ಚೀಂವ್ ಚೀಂವ್ ಕೇಳಿಸುತ್ತದೆ. ಆಮೇಲೆ ಚಿಪ್ಪಿನ ಮೇಲೆ ನಕ್ಷತ್ರದ ಹಾಗೆ ಒಂದು ಸಣ್ಣ ಬಿರುಕು. ಇಲ್ಲಿಂದ ಗಂಟೆಗಟ್ಟಲೆ ಏನೂ ಆಗುವುದಿಲ್ಲ. ಮರಿ ಸುಸ್ತಾಗಿ ಸತ್ತಿತು ಅಂದುಕೊಂಡು ನಾವು ಒದ್ದಾಡುತ್ತೇವೆ. ನಿಜವಾಗಿ ಅದು ಒಳಗೆ ಕೂತು ಚಿಪ್ಪಿನ ರಕ್ತನಾಳದ ರಕ್ತವನ್ನೂ ಉಳಿದ ಹಳದಿಯನ್ನೂ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಈ ಹೊತ್ತಿನಲ್ಲಿ ಚಿಪ್ಪು ಸುಲಿದರೆ ರಕ್ತ ಬರುತ್ತದೆ, ಮರಿ ಸಾಯುತ್ತದೆ. ಬಿರುಕಿನಿಂದ ಹೊರಬರುವವರೆಗೆ 12ರಿಂದ 24 ಗಂಟೆ ಬೇಕೇ ಬೇಕು. ಕೊನೆಗೆ ದಪ್ಪ ತುದಿಯ ಸುತ್ತ ಕೊಕ್ಕಿನಿಂದ ಗೀಚುತ್ತಾ ಬಂದು, ಕಾಲಿನಿಂದ ಒದ್ದು, ಟೋಪಿ ತೆಗೆದ ಹಾಗೆ ಹೊರಗೆ ಬೀಳುತ್ತದೆ. ಒದ್ದೆ, ಬಡಕಲು, ನೋಡಿದರೆ ಅಯ್ಯೋ ಅನ್ನಿಸುತ್ತದೆ. ಎರಡು ಮೂರು ಗಂಟೆಯಲ್ಲಿ ಹತ್ತಿ ಉಂಡೆಯಾಗುತ್ತದೆ.

24 ಗಂಟೆ ದಾಟಿಯೂ ಬಿರುಕು ಹಾಗೇ ಇದ್ದು, ಮರಿ ಇನ್ನೂ ಕೂಗುತ್ತಿದ್ದರೆ ಮಾತ್ರ ಒಂದು ಸಹಾಯ ಮಾಡಬಹುದು. ಉಳಿದವೆಲ್ಲ ಹೊರಬಂದ ಮೇಲೆ, ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಪೊರೆ ಒದ್ದೆ ಮಾಡಿ, ಚಿಪ್ಪಿನ ಚೂರನ್ನು ಒಂದೊಂದಾಗಿ ಬಿಡಿಸಿ. ಒಂದು ತೊಟ್ಟು ರಕ್ತ ಕಂಡರೂ ನಿಲ್ಲಿಸಿ ವಾಪಸ್ ಇಡಿ.

ಮೊದಲು ಹುಟ್ಟಿದ ಮರಿ ಹಸಿದಿದೆ ಅಂತ ಅವಸರ ಬೇಡ. ಹೊಟ್ಟೆಯೊಳಗಿನ ಹಳದಿಯಲ್ಲೇ ಅದು ಎರಡು ದಿನ ಇರಬಲ್ಲದು. ಎಲ್ಲ ಒಣಗಿದ ಮೇಲೆ ಒಂದೇ ಸಲ ತೆಗೆಯಿರಿ.

ಮರಿ ಬಂದ ಮೇಲೆ

ಬಿದಿರಿನ ಕುಕ್ಕೆ ಅಥವಾ ರಟ್ಟಿನ ಪೆಟ್ಟಿಗೆ, ಕೆಳಗೆ ಭತ್ತದ ಹೊಟ್ಟು, ಮೇಲೆ ಮೊದಲ ಎರಡು ದಿನಕ್ಕೆ ಗೋಣಿ ತಾಟು. ನುಣುಪಾದ ಪೇಪರ್ ಹಾಸಿದರೆ ಕಾಲು ಎರಡು ಕಡೆಗೆ ಸರಿದು ಮರಿ ಕುಂಟಾಗುತ್ತದೆ. ಮೇಲಿಂದ ಒಂದು 60 ವ್ಯಾಟಿನ ಫಿಲಮೆಂಟ್ ಬಲ್ಬ್. ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಕಡಿಮೆ. ಇಲ್ಲಿ ಥರ್ಮಾಮೀಟರ್ ಕೂಡ ಬೇಡ, ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಗುಂಪಾಗಿ ಒಂದರ ಮೇಲೊಂದು ಹತ್ತಿದರೆ ಚಳಿ. ಮೂಲೆಗೆ ಓಡಿ ಬಾಯಿ ತೆರೆದರೆ ಸೆಕೆ. ಅಲ್ಲಲ್ಲಿ ಹರಡಿಕೊಂಡು ತಿನ್ನುತ್ತಾ ಮಲಗುತ್ತಾ ಇದ್ದರೆ ಸರಿಯಾಗಿದೆ.

ಮೊದಲು ನೀರು, ಆಮೇಲೆ ಮೇವು. ಉಗುರುಬೆಚ್ಚಗಿನ ನೀರಿಗೆ ಚೂರು ಬೆಲ್ಲ ಹಾಕಿ, ಪ್ರತಿ ಮರಿಯ ಕೊಕ್ಕನ್ನು ಒಮ್ಮೆ ಅದ್ದಿ ಬಿಡಿ. ನೀರಿನ ತಟ್ಟೆಯಲ್ಲಿ ಗೋಲಿ ಅಥವಾ ಬೆಣಚುಕಲ್ಲು ತುಂಬಿ, ಇಲ್ಲದಿದ್ದರೆ ಮರಿ ಅದರಲ್ಲೇ ಬಿದ್ದು ಒದ್ದೆಯಾಗಿ ಸಾಯುತ್ತದೆ. ಮೊದಲ ದಿನ ಅಕ್ಕಿ ನುಚ್ಚು, ಜೋಳದ ರವೆ ಚೆಲ್ಲಿದರೆ ಸಾಕು. ಎರಡನೇ ದಿನದಿಂದ ಮರಿಗಳಿಗೆಂದೇ ಮಾಡಿದ ಚಿಕ್ ಸ್ಟಾರ್ಟರ್ ಮೇವು ಕೊಡಿ. ನುಚ್ಚಿನಲ್ಲೇ ಬೆಳೆಸುತ್ತೇನೆ ಅಂದರೆ ರೆಕ್ಕೆ ಜೋತುಬೀಳುತ್ತವೆ, ಪ್ರೋಟೀನ್ ಸಾಲುವುದಿಲ್ಲ. ಹಿಂಭಾಗಕ್ಕೆ ಹಿಕ್ಕೆ ಅಂಟಿ ಗಟ್ಟಿಯಾಗಿದ್ದರೆ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಕೀಳಬೇಡಿ. ರಾತ್ರಿ ಕುಕ್ಕೆಯ ಮೇಲೆ ಜಾಲರಿ ಇರಲಿ. ಇಲಿ ಒಂದೇ ರಾತ್ರಿಯಲ್ಲಿ ನಿಮ್ಮ 21 ದಿನ ತಿಂದುಹಾಕುತ್ತದೆ.

ಲಸಿಕೆ ಬಿಡಬೇಡಿ. ಹಳ್ಳಿಗಳಲ್ಲಿ ಕೋಳಿ ಹಿಂಡು ಹಿಂಡಾಗಿ ಸಾಯುವುದು ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್. ಅದಕ್ಕೆ ಐದರಿಂದ ಏಳನೇ ದಿನದೊಳಗೆ ಲಸೋಟ ಅನ್ನುವ ಲಸಿಕೆ ಕಣ್ಣಿಗೋ ಮೂಗಿಗೋ ಒಂದು ಹನಿ. ಹದಿನಾಲ್ಕನೇ ದಿನ ಗುಂಬೋರೋ ಅನ್ನುವ ಇನ್ನೊಂದು ರೋಗದ ಲಸಿಕೆ. ಇಪ್ಪತ್ತೆಂಟನೇ ದಿನ ಮತ್ತೆ ಲಸೋಟ. ಎಂಟನೇ ವಾರದ ಹೊತ್ತಿಗೆ ಕೊಕ್ಕರೆ ರೋಗಕ್ಕೇ ಆರ್‌2ಬಿ ಅನ್ನುವ ಚುಚ್ಚುಮದ್ದು. ನಿಮ್ಮ ಕಡೆ ಯಾವ ರೋಗ ಓಡಾಡುತ್ತಿದೆ ಅಂತ ಪಶು ಆಸ್ಪತ್ರೆಯಲ್ಲಿ ಕೇಳಿ, ಅವರು ಒಂದೆರಡು ದಿನ ಹೆಚ್ಚುಕಡಿಮೆ ಮಾಡಿಯಾರು. ಬಾಟಲಿ ನೂರು ಮರಿಯ ಲೆಕ್ಕದಲ್ಲಿ ಬರುತ್ತದೆ, ಕಲಸಿದ ಮೇಲೆ ಐಸ್ ಮೇಲಿಟ್ಟು ಎರಡು ಗಂಟೆಯೊಳಗೆ ಮುಗಿಸಬೇಕು. ಅದಕ್ಕೆ ನಾವು ಬೀದಿಯ ನಾಲ್ಕು ಮನೆಯವರು ಒಂದೇ ದಿನ ಹಾಕುತ್ತೇವೆ.

ಬಂದ ಮರಿಯಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜ ಅನ್ನುವುದನ್ನೂ ಮೊದಲೇ ಯೋಚಿಸಿಕೊಳ್ಳಿ. ಮೂರು ತಿಂಗಳು ಬಿಟ್ಟು ಬೆಳಗಿನ ಜಾವ ಹತ್ತು ಹುಂಜ ಒಟ್ಟಿಗೆ ಕೂಗಿದರೆ ಪಕ್ಕದ ಮನೆಯವರು ಬರುತ್ತಾರೆ.

ಒಡೆಯದೆ ಉಳಿದ ಮೊಟ್ಟೆ

23ನೇ ದಿನದವರೆಗೆ ಕಾಯಿರಿ. ಆಮೇಲೂ ಉಳಿದವನ್ನು ಸುಮ್ನೆ ಎಸೆಯಬೇಡಿ. ಹಿತ್ತಲಿಗೆ ಒಯ್ದು, ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಒಡೆದು ನೋಡಿ, ಮೂಗು ಮುಚ್ಚಿಕೊಂಡು. ಮುಂದಿನ ಸಲ ಏನು ಬದಲಾಯಿಸಬೇಕು ಅನ್ನುವುದು ಅದರೊಳಗೆ ಇರುತ್ತದೆ.

ಜಾಸ್ತಿ ಮೊಟ್ಟೆ ಬಂಜೆಯ ಹಾಗೆ ಕಂಡರೆ ದೂರು ಹುಂಜದ ಮೇಲೆ, ಅಥವಾ ಜಾಸ್ತಿ ದಿನ ಕೂಡಿಟ್ಟಿದ್ದೀರಿ. ಮೊದಲ ವಾರದಲ್ಲೇ ಸತ್ತಿದ್ದರೆ ಶಾಖ ಏರುಪೇರಾಗಿದೆ, ಅಥವಾ ಇಡುವ ಮುಂಚೆಯೇ ಮೊಟ್ಟೆ ಬಿಸಿಗೆ ಬಿದ್ದಿತ್ತು. ಪೂರ್ತಿ ಬೆಳೆದು ಮೈಯೆಲ್ಲ ನೀರು ನೀರಾಗಿ ಊದಿಕೊಂಡ ಮರಿ ಇದ್ದರೆ ತೇವಾಂಶ ಜಾಸ್ತಿಯಾಗಿತ್ತು. ಬಿರುಕು ಬಿಟ್ಟ ಮೇಲೆ ಪೊರೆ ಕಾಗದದ ಹಾಗೆ ಒಣಗಿ ಅಂಟಿದ್ದರೆ ಕೊನೆಯ ದಿನಗಳಲ್ಲಿ ನೀವು ಮುಚ್ಚಳ ತೆಗೆದಿದ್ದೀರಿ. ಎಲ್ಲವೂ 19, 20ಕ್ಕೇ ಬಂದವು ಅಂದರೆ ಅರ್ಧ ಡಿಗ್ರಿ ಇಳಿಸಿ. 22 ದಾಟಿ ಬಂದರೆ ಅರ್ಧ ಡಿಗ್ರಿ ಏರಿಸಿ.

ಪೆಟ್ಟಿಗೆಯನ್ನು ಅದೇ ದಿನ ತೊಳೆಯಿರಿ. ಮರಿಯ ಪುಕ್ಕದ ಧೂಳು ಫ್ಯಾನಿನ ರೆಕ್ಕೆಗೆಲ್ಲ ಮೆತ್ತಿರುತ್ತದೆ, ಬ್ರಶ್‌ನಲ್ಲಿ ತೆಗೆಯಿರಿ. ಜಾಲರಿ, ತಟ್ಟೆ, ಒಳಗೋಡೆಯನ್ನು ಮೊದಲು ಸೋಪಿನಲ್ಲಿ, ಆಮೇಲೆ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಒರೆಸಿ ಎರಡು ದಿನ ಬಿಸಿಲಿಗೆ ಇಡಿ. ನಮ್ಮ ಪೆಟ್ಟಿಗೆ ಬಿಸಿಲಿಗೆ ಬಿದ್ದ ದಿನ ಅಜ್ಜಿಯ ಯಾಟೆ ಅದರೊಳಗೆ ಹತ್ತಿ ಮೊಟ್ಟೆ ಇಟ್ಟು ಹೋಗಿತ್ತು.